ಮಂದ್ರವಾದ್ಯಗಳ ಯುಗಳವಾದನ

ಮದುವೆಯ ಮೆರವಣಿಗೆಯ ಮುಂದೆ ನಡೆಯುವ ಬ್ಯಾಂಡಿನವರನ್ನು ನಮ್ಮ ವಾಚಕರೆಲ್ಲರೂ ನೋಡಿಯೇ ಇರುತ್ತಾರೆ. ಮುಂದಿನ ಸಾಲಿನಲ್ಲಿ ಕ್ಲಾರಿಯೊನೆಟ್ಟನ್ನೂ ಸಣ್ಣ ತುತ್ತೂರಿಗಳನ್ನೂ ಹಿಡಿದವರು ಹಾಡನ್ನು ನುಡಿಸುತ್ತ ಹೋಗುವರು. ಮಕ್ಕಳು ಅವರ ಸುತ್ತ ಕುಣಿಯುವರು. ಬೀಗರ ಕಡೆಯವರು ತಮಗೆ ಬೇಕಾದ ಹಾಡನ್ನು ಅವರಿಂದಲೇ ಕೇಳಿ ನುಡಿಸಿಕೊಳ್ಳುವರು. ಹಿಂದಿನ ಸಾಲಿನಲ್ಲಿ, ಕೂಸನ್ನು ಎತ್ತಿಕೊಂಡಂತೆ ದೊಡ್ಡದೊಂದು ಹಿತ್ತಾಳೆಯ ಕೊಂಬನ್ನು ಎದೆಗೆ ಒತ್ತಿಕೊಂಡು, ಹೆಜ್ಜೆಗೊಂದು ಸಾರಿ ‘ಭೋಂ’ ಎನ್ನಿಸುತ್ತ ಬರುವ ಮನುಷ್ಯನನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ. ಅವನಿಗೆ ಬರುವ ಸ್ವರಗಳು ನಾಲ್ಕೋ ಐದೋ ಎಂದು ಜನರ ಎಣಿಕೆ. ಆದರೆ ಆ ನಾಲ್ಕೈದು ಸ್ವರಗಳು ಒಂದು ಗಳಿಗೆ ನಿಂತುಹೋದರೆ ಮುಂದಿನವರ ಹಾಡು ನೆಲೆತಪ್ಪಿದಂತಾಗುವುದು. ಆಗ ‘ಏನೋ ಕಡಿಮೆಯಾಯಿತು’ ಎಂದು ಎಲ್ಲರಿಗೂ ಅನ್ನಿಸುವುದು. ಏನೆಂಬುದು ಮಾತ್ರ ತಿಳಿಯದು.

ನಮ್ಮ ಸಂಗೀತಶಾಸ್ತ್ರಕಾರರು ಮಂದ್ರವನ್ನು ಹೀಗೆ ಅಲಕ್ಷ್ಯಮಾಡಿದವರಲ್ಲ. ಮಂದ್ರ, ಮಧ್ಯ, ತಾರಗಳೆಂಬ ಮೂರು ಸ್ಥಾನಗಳನ್ನು ಹೇಳುವಾಗ ಅವರು ಮಂದ್ರವನ್ನೇ ಮೊದಲು ಎಣಿಸಿ, ಅದರ ಹುಟ್ಟನ್ನು ಹೃದಯದಲ್ಲಿಟ್ಟರು. ಮಧ್ಯವು ಕಂಠದಲ್ಲಿಯೂ ತಾರವು ಶಿರಸ್ಸಿನಲ್ಲಿಯೂ ಹುಟ್ಟುವುದೆಂದರು. ತಂಬೂರಿಯ ಕಡೆಯ ತಂತಿಯು ಮಂದ್ರ ಷಡ್ಜ. ಅದನ್ನು ಮೀಟಿ ಕಿವಿಗೊಟ್ಟರೆ, ಯಾರೂ ಮೀಟದ ಗಾಂಧಾರವೊಂದು ತಾನಾಗಿಯೇ ಮೇಲೆದ್ದು ಕೇಳಿಸುವುದೆಂಬುದು ಪಾಡುವವರಿಗೆಲ್ಲ ತಿಳಿದ ಸಂಗತಿ. ಕೆಳಗಿನ ದನಿಯ ಗರ್ಭದಲ್ಲಿ ಮೇಲಿನ ದನಿಗಳು ಅಡಗಿರುವುವು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರಿಂದ ಕೆಲಸವುಂಟು.

ಪಾಶ್ಚಾತ್ಯ ದೇಶಗಳಲ್ಲಿ ಈ ಹಿಂದಿನ ಸಾಲಿನ ಹಿತ್ತಾಳೆಯ ವಾದ್ಯಗಳು ಎರಡೆರಡಾಗಿ ಕುಳಿತು, ಮುಂದಿನ ಸಾಲಿನವರ ಹಂಗಿಲ್ಲದೆ, ತಾವಿಬ್ಬರೇ ನುಡಿಸುವ ಒಂದು ಪದ್ಧತಿಯಿದೆ. ಅದನ್ನು ರುಚಿತಿಳಿದು ಕೇಳುವುದು ಹೇಗೆಂಬುದೇ ಈ ಲೇಖನದ ವಿಷಯ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ದೊಡ್ಡ ವಾದ್ಯಮೇಳದಲ್ಲಿ ಈ ವಾದ್ಯಗಳ ಬಾಳು ತತ್ಪುರುಷ ಸಮಾಸದ ಪೂರ್ವಪದದ ಬಾಳು: ಅರ್ಥಕ್ಕೆ ಬೇಕು, ಪ್ರಾಧಾನ್ಯ ಮಾತ್ರ ಇನ್ನೊಂದು ಪದಕ್ಕೆ. ಇಬ್ಬರೇ ಕುಳಿತಾಗ ಅದು ದ್ವಂದ್ವವಾಗುವುದು. ಎರಡು ಪದಗಳಿಗೂ ಸಮನಾದ ಗೌರವ. ಆ ದ್ವಂದ್ವದಲ್ಲಿಯೂ ಇತರೇತರಯೋಗವೆಂದೂ ಸಮಾಹಾರವೆಂದೂ ಎರಡು ಬಗೆಗಳುಂಟಷ್ಟೆ. ‘ರಾಮಲಕ್ಷ್ಮಣರು’ ಎಂದರೆ ಇಬ್ಬರೂ ಬೇರೆ ಬೇರೆಯಾಗಿಯೇ ಕಣ್ಣಮುಂದೆ ನಿಲ್ಲುವರು. ‘ಪಾಣಿಪಾದ’ವೆಂದರೆ ಕೈಯೂ ಕಾಲೂ ಕೂಡಿ ಒಂದು ಮೊತ್ತವಾಗುವುದು. ಯುಗಳವಾದನದಲ್ಲಿಯೂ ಈ ಎರಡು ಜಾತಿಗಳನ್ನು ಕಾಣಬಹುದು.

ಮೊದಲು ವಾದ್ಯಗಳ ಪರಿಚಯ. ಮುಖ್ಯವಾದವು ಮೂರು. ಹಿರಿಯದು ಟ್ರೊಂಬೋನು, ಹದಿನೈದನೆಯ ಶತಮಾನದಲ್ಲಿ ಹುಟ್ಟಿದುದು. ಇಟಲಿಯ ಭಾಷೆಯಲ್ಲಿ ಆ ಶಬ್ದಕ್ಕೆ ‘ದೊಡ್ಡ ತುತ್ತೂರಿ’ ಎಂದಷ್ಟೇ ಅರ್ಥ. ಒಂದರ ಮೇಲೊಂದು ಜಾರುವ ಕೊಳವೆಗಳನ್ನು ಮುಂದಕ್ಕೂ ಹಿಂದಕ್ಕೂ ಎಳೆದು ಸ್ವರವನ್ನು ಬದಲಾಯಿಸುವರು; ಕೈಗೆ ಏಳು ನಿಲುಗಡೆಗಳುಂಟು. ವೀಣೆಯಲ್ಲಿ ಜಾರು ಹೇಗೋ ಇದರಲ್ಲಿಯೂ ಹಾಗೆಯೇ. ಎರಡು ಸ್ವರಗಳ ನಡುವಣ ಎಲ್ಲ ಶ್ರುತಿಗಳೂ ಕೈಗೆ ಸಿಕ್ಕುವುವು. ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದ ಕಂಚುಗಾರರು ಇದನ್ನು ಮಾಡುವುದರಲ್ಲಿ ಹೆಸರಾಂತವರು. ಅಲ್ಲಿ 1551ನೆಯ ಇಸವಿಯಲ್ಲಿ ಎರಾಸ್ಮಸ್ ಶ್ನಿಟ್ಸರ್ ಎಂಬವನು ಮಾಡಿದ ಟ್ರೊಂಬೋನೊಂದು ಇಂದಿಗೂ ಉಳಿದಿದೆ. ಎರಡನೆಯದು ಟ್ಯೂಬಾ. 1835ರಲ್ಲಿ ಬರ್ಲಿನ್ ನಗರದಲ್ಲಿ ವೀಪ್ರೆಖ್ಟ್ ಎಂಬ ಸೇನಾವಾದ್ಯದ ಅಧಿಕಾರಿಯೂ ಮೋರಿಟ್ಸ್ ಎಂಬ ವಾದ್ಯಶಿಲ್ಪಿಯೂ ಕೂಡಿ ಇದಕ್ಕೆ ಸನ್ನದು ಪಡೆದರು. ಮೂರನೆಯದು ಯೂಫೋನಿಯಂ, 1843ರ ಸುಮಾರಿನಲ್ಲಿ ವೈಮಾರಿನ ಸೊಮ್ಮರ್ ಎಂಬವನು ಕಲ್ಪಿಸಿದುದು. ಗ್ರೀಕ್ ಭಾಷೆಯಲ್ಲಿ ಈ ಹೆಸರಿಗೆ ‘ಸುಸ್ವರ’ವೆಂದು ಅರ್ಥ. ಅನ್ವರ್ಥನಾಮವೆಂದೇ ಹೇಳಬೇಕು. ನಮ್ಮ ಬ್ಯಾಂಡಿನವರು ಎದೆಗೆ ಒತ್ತಿಕೊಳ್ಳುವ ಕೊಂಬು ಬಹುಮಟ್ಟಿಗೆ ಇದೇ.

ಟ್ರೊಂಬೋನಿನ ಕೊಳವೆಯನ್ನು ನೇರಮಾಡಿ ಅಳೆದರೆ ಸುಮಾರು 9 ಅಡಿ. ಯೂಫೋನಿಯಂ ಸಹ ಅಷ್ಟೇ. ಟ್ಯೂಬಾಗಳಲ್ಲಿ ಚಿಕ್ಕದು 12 ಅಡಿ, ದೊಡ್ಡದು 18 ಅಡಿ. ಉದ್ದವು ಇಮ್ಮಡಿಯಾದರೆ ಸ್ವರವು ಒಂದು ಸ್ಥಾಯಿ ಕೆಳಗಿಳಿಯುವುದು. ಒಂದೇ ಉದ್ದದ ಟ್ರೊಂಬೋನಿಗೂ ಯೂಫೋನಿಯಂಗೂ ದನಿಯಲ್ಲಿ ಏಕೆ ಅಷ್ಟು ಅಂತರವೆಂದರೆ, ಮೊದಲನೆಯದರ ಕೊಳವೆ ಬಹುದೂರದವರೆಗೆ ಬಿದಿರಿನಂತೆ ಒಂದೇ ಗಾತ್ರ. ಎರಡನೆಯದು ಬಾಯಿಂದ ಬುಡದವರೆಗೂ ಹಸುವಿನ ಕೊಂಬಿನಂತೆ ಅಗಲವಾಗುತ್ತ ಹೋಗುವುದು. ಆದುದರಿಂದ ಟ್ರೊಂಬೋನಿನ ದನಿಗೆ ಅಂಚುಂಟು, ಹೊಳಪುಂಟು. ಗಟ್ಟಿಯಾಗಿ ಊದಿದರೆ ಖಡ್ಗದ ಝಳಪಿನಂತಿರುವುದು. ಯೂಫೋನಿಯಮ್ಮಿನ ದನಿ ಗುಂಡಗೆ, ಬೆಚ್ಚಗೆ, ಮಾಗಿದ ಗಂಡುಕಂಠದಂತೆ. ಇವೆರಡನ್ನೂ ಜೊತೆಗೆ ಕೂರಿಸಿದರೆ ಇತರೇತರಯೋಗ. ಎರಡು ಟ್ಯೂಬಾಗಳನ್ನು ಕೂರಿಸಿದರೆ ಸಮಾಹಾರ.

ಇನ್ನು, ಇವರು ತಾವಿಬ್ಬರೇ ಕುಳಿತು ನುಡಿಸಬೇಕೆಂಬ ಹಂಬಲ ಏಕೆ ಬಂದಿತೆಂಬುದನ್ನು ನೋಡೋಣ. ದೊಡ್ಡ ವಾದ್ಯಮೇಳದಲ್ಲಿ ಇವರ ಕೆಲಸದ ಮುಕ್ಕಾಲು ಪಾಲು ಕಾಯುವುದೇ. ಬೇಥೋವನ್ನನ ಐದನೆಯ ಸಿಂಫನಿಯಲ್ಲಿ (1808) ಟ್ರೊಂಬೋನಿನವರು ಮೂರು ಭಾಗಗಳು ಮುಗಿಯುವವರೆಗೂ ಸುಮ್ಮನೆ ಕುಳಿತಿದ್ದು ನಾಲ್ಕನೆಯದರಲ್ಲಿ ಮಾತ್ರ ಬಾಯಿಡಬೇಕು. ಬ್ರಾಮ್ಸನ ಮೊದಲನೆಯ ಸಿಂಫನಿಯಲ್ಲಿಯೂ (1876) ಅವರಿಗೆ ಅದೇ ಗತಿ. ದ್ವೋರ್ಜಾಕನ ‘ಹೊಸ ಜಗತ್ತು’ ಸಿಂಫನಿಯಲ್ಲಿ (1893) ಟ್ಯೂಬಾದವನಿಗೆ ಎರಡನೆಯ ಭಾಗವೊಂದರಲ್ಲಿ ಹದಿನಾಲ್ಕು ಸ್ವರಗಳನ್ನು ಕೊಟ್ಟು ಮಿಕ್ಕ ಹೊತ್ತೆಲ್ಲ ಕೈಕಟ್ಟಿ ಕೂರಿಸಿದ್ದಾರೆ. ಬಹು ಹೊತ್ತು ತಣ್ಣಗೆ ಕುಳಿತವನು ಎದ್ದು ಮೊದಲನೆಯ ಸ್ವರವನ್ನೇ ನಿರ್ದುಷ್ಟವಾಗಿ ಹಿಡಿಯಬೇಕು. ತಪ್ಪಿದರೆ ಸಭೆಗೆಲ್ಲ ಕೇಳಿಸುವುದು, ಸರಿಯಾದರೆ ಯಾರೂ ಗಮನಿಸುವುದಿಲ್ಲ. ಇಂಥ ಜೀವನದಲ್ಲಿ ಬೇಸರವೂ ಕೈಮರೆವೂ ಸಹಜವಷ್ಟೆ. ಪಕ್ಕದ ಕುರ್ಚಿಯವನೊಡನೆ ಕಚೇರಿಗೆ ಮುಂಚೆಯೋ ಆಮೇಲೆಯೋ ಎರಡು ಪುಟ ನುಡಿಸುವುದು ಅವರಿಗೆ ಸಾಧಕವೂ ಹೌದು, ಸಂಸಾರಸುಖವೂ ಹೌದು.

ಈಗ ವಿಷಯದ ತಿರುಳಿಗೆ ಬರೋಣ. ಎರಡು ಮೇಲುದನಿಗಳನ್ನು ಕೂಡಿಸುವುದು ಸುಲಭ; ಎರಡು ಕೆಳದನಿಗಳನ್ನು ಕೂಡಿಸುವುದು ಕಷ್ಟ. ಇದು ಅಭಿರುಚಿಯ ಮಾತಲ್ಲ, ಲೆಕ್ಕದ ಮಾತು. ಸೆಕೆಂಡಿಗೆ 600 ಸಾರಿ ಕಂಪಿಸುವ ಷಡ್ಜವನ್ನು ಒಬ್ಬನು ಹಿಡಿದು, ಅದರ ಅಂತರಗಾಂಧಾರವನ್ನು ಇನ್ನೊಬ್ಬನು 750 ಕಂಪನಗಳಲ್ಲಿ ಹಿಡಿದರೆ ಕಿವಿಗೆ ಜೇನು. ಅದೇ ಷಡ್ಜವನ್ನು 60ಕ್ಕೆ ಇಳಿಸಿ ಗಾಂಧಾರವನ್ನು 75ಕ್ಕೆ ಇಳಿಸಿದರೆ ಪ್ರಮಾಣವೇನೋ 4ಕ್ಕೆ 5 ಹಾಗೆಯೇ ಉಳಿಯುವುದು. ಆದರೆ ಎರಡರ ವ್ಯತ್ಯಾಸ ಸೆಕೆಂಡಿಗೆ 15 ಮಾತ್ರ. ಅಷ್ಟು ಹತ್ತಿರದ ದನಿಗಳನ್ನು ನಮ್ಮ ಕಿವಿಯು ಬಿಡಿಸಲಾರದೆ, ಅವುಗಳ ತಿಕ್ಕಾಟವನ್ನೇ ಒಂದು ಬಗೆಯ ಗುರುಗುಟ್ಟುವಿಕೆಯಾಗಿ ಕೇಳುವುದು. ಬೀಸುವ ಕಲ್ಲಿನ ಸದ್ದನ್ನು ನೆನೆದುಕೊಳ್ಳಿರಿ. ಆದುದರಿಂದ ಮಂದ್ರವಾದ್ಯಗಳಿಗೆ ಯುಗಳವನ್ನು ರಚಿಸುವವನು ಕೆಳಗಿಳಿದಷ್ಟೂ ದನಿಗಳನ್ನು ದೂರ ದೂರ ಇಡಬೇಕು. ಪಂಚಮ, ಮೇಲಿನ ಷಡ್ಜ, ಮೇಲಿನ ಸ್ಥಾಯಿಯ ಗಾಂಧಾರ, ಇವು ಅಲ್ಲಿಗೆ ಹಿತ. 60ರ ಷಡ್ಜಕ್ಕೆ 150ರ ಗಾಂಧಾರವನ್ನು ಜೊತೆಮಾಡಿದರೆ ಗುರುಗುಟ್ಟುವಿಕೆ ಮಾಯವಾಗಿ ದೇವಸ್ಥಾನದ ಗಂಟೆಯ ಗಾಂಭೀರ್ಯ ಬರುವುದು. ಭರತಮುನಿಯು ಒಂಬತ್ತು ಅಥವಾ ಹದಿಮೂರು ಶ್ರುತಿಗಳ ಅಂತರದಲ್ಲಿರುವ ಸ್ವರಗಳನ್ನು ಸಂವಾದಿಗಳೆಂದು ಕರೆದುದು ಇದೇ ಮಧ್ಯಮ ಪಂಚಮಗಳ ಸಂಬಂಧವನ್ನು. ಸಂವಾದವೆಂದರೆ ಕೂಡಿ ಮಾತನಾಡುವುದಷ್ಟೆ. ಯುಗಳವಾದನಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ದೊರೆಯಲಾರದು.

ಇನ್ನೊಂದು ಸೋಜಿಗವಿದೆ. ಇಬ್ಬರು ವಾದಕರು ಬಹು ಶುದ್ಧವಾಗಿ ಶ್ರುತಿಸೇರಿಸಿ ಗಟ್ಟಿಯಾಗಿ ನುಡಿಸಿದಾಗ ಮೂರನೆಯವನೊಬ್ಬನು ಇನ್ನೂ ಕೆಳಗೆ ನುಡಿಸುತ್ತಿರುವಂತೆ ಕೇಳಿಸುವುದು. ಒಬ್ಬನದು 200, ಇನ್ನೊಬ್ಬನದು 300 ಆದರೆ ಕಿವಿಯಲ್ಲಿ 100ರ ಸ್ವರವೊಂದು ತೋರುವುದು. ಅದು ಮೊದಲನೆಯವನ ಷಡ್ಜಕ್ಕೆ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಇದನ್ನು ಇಟಲಿಯ ತಾರ್ತೀನಿ ಎಂಬ ಪಿಟೀಲು ವಿದ್ವಾಂಸನು ಹದಿನೆಂಟನೆಯ ಶತಮಾನದಲ್ಲಿಯೇ ಗಮನಿಸಿ ‘ಮೂರನೆಯ ಸ್ವರ’ವೆಂದು ಕರೆದನು. ಶ್ರುತಿ ಕೂದಲೆಳೆಯಷ್ಟು ಕೆಟ್ಟರೂ ಈ ಮೂರನೆಯವನು ಹೊರಟುಹೋಗುವನು, ಇಲ್ಲವೆ ಅಪಸ್ವರವಾಗಿ ಕಾಡುವನು. ಟ್ರೊಂಬೋನಿನವರಿಗೆ ಕೊಳವೆಯನ್ನು ಒಂದು ಬೆರಳಿನಷ್ಟು ಸರಿಸಿ ಸರಿಪಡಿಸುವ ಅನುಕೂಲವುಂಟು. ಟ್ಯೂಬಾದವನು ತುಟಿಯನ್ನೇ ನೆಚ್ಚಬೇಕು. 100ಕ್ಕೆ 102 ಸೇರಿದರೆ ಸೆಕೆಂಡಿಗೆ ಎರಡು ಸಾರಿ ದನಿಯು ಅಲೆಯಂತೆ ಏರಿಳಿಯುವುದು; ಇದನ್ನು ಅಳಿಸಿ ನಿಶ್ಚಲವಾದ ದನಿಯನ್ನು ಪಡೆಯುವುದೇ ಮೊದಲ ಪಾಠ. ಈ ಕೆಲಸವನ್ನು ಒಬ್ಬನೇ ಕುಳಿತು ಮಾಡಲಾಗದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕೃತಿಗಳ ಮಾತಿಗೆ ಬಂದರೆ, ಈ ವಾದ್ಯಗಳಿಗೆಂದೇ ಹಿಂದಿನ ಮಹನೀಯರು ರಚಿಸಿಟ್ಟ ಯುಗಳಗಳು ಕಡಿಮೆ. ಇವರು ಬಹುಕಾಲ ನೆರೆಮನೆಯ ಆಸ್ತಿಯಿಂದಲೇ ಬಾಳಿದರು. ಮೊತ್ಸಾರ್ಟನು 1786ರ ಜುಲೈ 27ರಂದು, ಉರುಳುಗುಂಡಿನ ಆಟವಾಡುತ್ತ, ಬರೆದನೆಂದು ತನ್ನ ಕೈಯಿಂದಲೇ ಗುರುತುಮಾಡಿರುವ ಕೆಲವು ಪುಟ್ಟ ಯುಗಳಗಳಿವೆ. ಅವು ಹಾರ್ನ್ ವಾದ್ಯಕ್ಕೆ ಸೇರಿದವು, ಟ್ರೊಂಬೋನಿನವರು ಇಳಿಸಿಕೊಂಡು ನುಡಿಸುವರು. ಬಾಖನು ಮಕ್ಕಳ ಅಭ್ಯಾಸಕ್ಕಾಗಿ 1723ರಲ್ಲಿ ಅಚ್ಚುಕಟ್ಟಾಗಿ ಬರೆದಿಟ್ಟ ಎರಡು ದನಿಯ ಹದಿನೈದು ‘ಇನ್ವೆನ್ಷನ್’ಗಳನ್ನೂ ಇವರು ಬಿಟ್ಟಿಲ್ಲ. ಇವೆಲ್ಲಕ್ಕಿಂತ ನಮಗೆ ಪ್ರಿಯವಾದುದು ಟೆಲೆಮಾನ್ ಎಂಬವನು 1738ರಲ್ಲಿ ಪ್ಯಾರಿಸಿನಲ್ಲಿ ಪ್ರಕಟಿಸಿದ ಆರು ಅನುಸರಣಯುಗಳಗಳು. ಇವುಗಳಲ್ಲಿ ಇಬ್ಬರಿಗೂ ಇರುವುದು ಒಂದೇ ಪಾಠ. ಮೊದಲನೆಯವನು ಆರಂಭಿಸಿದ ಸ್ವಲ್ಪ ಹೊತ್ತಿಗೆ, ಎಂದರೆ ಒಂದು ಆವರ್ತದಷ್ಟು ಹಿಂದೆ, ಎರಡನೆಯವನು ಅದನ್ನೇ ಮೊದಲಿನಿಂದ ಆರಂಭಿಸುವನು; ಆದರೂ ಎರಡೂ ಒಂದಕ್ಕೊಂದು ಹೊಂದಿಕೊಂಡೇ ನಡೆಯುವುವು. ನಮ್ಮ ಚಿತ್ರಕವಿಗಳು ಒಂದೇ ಶ್ಲೋಕವನ್ನು ಎರಡು ಕಡೆಯಿಂದಲೂ ಓದಿಸುವುದುಂಟು. ಆದರೆ ಆ ಬಗೆಯ ಪದ್ಯಗಳಲ್ಲಿ ಕಷ್ಟವೇ ಮೇಲೆ ಕಾಣುವುದು. ಟೆಲೆಮಾನನಲ್ಲಿ ಕಷ್ಟದ ಸುಳಿವೂ ಇಲ್ಲ. ಇವು ಮೂಲತಃ ಕೊಳಲು ಪಿಟೀಲುಗಳಿಗೆ ಸೇರಿದವಾದರೂ, ಎರಡು ಯೂಫೋನಿಯಮ್ಮುಗಳಲ್ಲಿ ಕೇಳಿದಾಗ ಅಣ್ಣತಮ್ಮಂದಿರು ಒಂದೇ ಕಥೆಯನ್ನು ಪೈಪೋಟಿಯಿಂದ ಹೇಳುವಂತಿರುವುದು.

ದೊಡ್ಡ ಕೃತಿಗಳ ಒಳಗೆ ಅಡಗಿರುವ ಯುಗಳಗಳೂ ಉಂಟು. ಮೊತ್ಸಾರ್ಟನು 1791ರಲ್ಲಿ, ತಾನು ಸಾಯುವ ವರ್ಷ, ಬರೆದು ಮುಗಿಸದೆ ಬಿಟ್ಟ ‘ರೆಕ್ವಿಯೆಂ’ ಎಂಬ ಮೃತ್ಯುಪೂಜೆಯಲ್ಲಿ ‘ತೂಬಾ ಮೀರುಂ’ ಎಂಬ ಭಾಗವಿದೆ. ಟ್ರೊಂಬೋನೊಂದು ಏಕಾಕಿಯಾಗಿ ಮೇಲಿನಿಂದ ಕೆಳಕ್ಕೆ ಮೆಟ್ಟಲಿಳಿದಂತೆ ಸ್ವರಗಳನ್ನು ಘೋಷಿಸುವುದು. ಕೂಡಲೇ ಮಂದ್ರಕಂಠದ ಗಾಯಕನು ಅದೇ ಸ್ವರಗಳನ್ನು ಹಿಡಿಯುವನು. ಬಳಿಕ ಇಬ್ಬರೂ ಹೆಣೆದುಕೊಂಡು ನಡೆಯುವರು. ಮನುಷ್ಯನ ಕಂಠಕ್ಕೂ ಹಿತ್ತಾಳೆಯ ಕಂಠಕ್ಕೂ ಎಷ್ಟು ಹತ್ತಿರದ ನಂಟೆಂಬುದನ್ನು ತಿಳಿಯಬಯಸುವವರು ಇದೊಂದನ್ನು ಕೇಳಿದರೆ ಸಾಕು. (ಅಲ್ಲಿಯ ‘ತೂಬಾ’ ಎಂಬ ಲತೀನ್ ಶಬ್ದಕ್ಕೂ ನಾವು ಹೇಳಿದ ಟ್ಯೂಬಾ ವಾದ್ಯಕ್ಕೂ ಸಂಬಂಧವಿಲ್ಲ, ಅದು ಹಳೆಯ ರೋಮನರ ನೀಳ ತುತ್ತೂರಿ. ಬರ್ಲಿನ್ನಿನವರು ಹೆಸರನ್ನು ಕಡತಂದರು, ಅಷ್ಟೆ.) ಇನ್ನೊಂದು, ಬೆರ್ಲಿಯೋಸನ ‘ಸಿಂಫನಿ ಫಂತಾಸ್ತಿಕ್’ (1830). ಅದರ ಐದನೆಯ ಭಾಗದಲ್ಲಿ, ದೂರದ ಗಂಟೆಗಳು ಹೊಡೆಯುತ್ತಿರುವಾಗ, ಕ್ರೈಸ್ತರ ಶ್ರಾದ್ಧಗೀತದ ಪ್ರಾಚೀನ ರಾಗವೊಂದನ್ನು ಎರಡು ಮಂದ್ರಹಿತ್ತಾಳೆಗಳು, ಬಸೂನ್ ಎಂಬ ಮರದ ವಾದ್ಯಗಳ ಜೊತೆಗೆ, ಉದ್ದುದ್ದ ಸ್ವರಗಳಲ್ಲಿ ಹೇಳುವುವು. ಟ್ಯೂಬಾ ಆಗ ಇನ್ನೂ ಹುಟ್ಟಿರಲಿಲ್ಲ. ಕವಿಯು ಮೊದಲು ಉದ್ದೇಶಿಸಿದುದು ಹಾವಿನಂತೆ ಸುತ್ತಿಕೊಂಡ ಸರ್ಪವಾದ್ಯವೊಂದನ್ನೂ ಅದರ ಸುಧಾರಿಸಿದ ರೂಪವಾದ ಓಫಿಕ್ಲೈಡ್ ಎಂಬುದನ್ನೂ. ಈಗ ಸಾಮಾನ್ಯವಾಗಿ ಎರಡು ಟ್ಯೂಬಾಗಳಲ್ಲಿ ನುಡಿಸುವರು. ಇಲ್ಲಿ ಇಬ್ಬರು ವಾದಕರೆಂಬ ಭಾವನೆಯೇ ಬರುವುದಿಲ್ಲ. ಒಂದೇ ಘನವಾದ ದನಿ. ಸಮಾಹಾರವೆಂದು ನಾವು ಹೇಳಿದುದು ಇದನ್ನೇ.

ಇತರೇತರಯೋಗಕ್ಕೆ ಉದಾಹರಣೆಯನ್ನು ಅಮೆರಿಕದಿಂದ ಕೊಡಬೇಕು. 1954ರಲ್ಲಿ ಜೆ. ಜೆ. ಜಾನ್ಸನ್ ಎಂಬ ನೀಗ್ರೋ ಜನಾಂಗದ ವಾದಕನೂ ಡೆನ್ಮಾರ್ಕಿನಲ್ಲಿ ಹುಟ್ಟಿದ ಕೈ ವಿಂಡಿಂಗ್ ಎಂಬವನೂ ಎರಡು ಟ್ರೊಂಬೋನುಗಳನ್ನೇ ಮುಂದಿಟ್ಟುಕೊಂಡು ಜಾಜ್ ಸಂಗೀತದ ತಂಡವನ್ನು ಕಟ್ಟಿದರು. ಲಯಕ್ಕಾಗಿ ಪಿಯಾನೊ, ಡ್ರಮ್ಮು ಮೊದಲಾದ ಪಕ್ಕವಾದ್ಯಗಳಿದ್ದುವು. ಜಾನ್ಸನ್ನನು ಅದಕ್ಕೆ ಹಿಂದೆ ಸುಮಾರು ಎರಡು ವರ್ಷ ಸಂಗೀತದಿಂದ ಹೊಟ್ಟೆಹೊರೆಯಲಾರದೆ ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಕ್ಷೆಗಳನ್ನು ತನಿಖೆಮಾಡುವ ಕೆಲಸಕ್ಕಿದ್ದನು. ಆ ಕಾಲದ ಶ್ರೇಷ್ಠ ಟ್ರೊಂಬೋನ್ ವಾದಕನ ಪಾಡು ಅದು! ಈ ಜೋಡಿಯೇ ಅವನನ್ನು ಮತ್ತೆ ವೇದಿಕೆಗೆ ತಂದಿತು. 1956ರ ಹೊತ್ತಿಗೆ ಅವರು ಬೇರೆಯಾದರು. 1960ರಲ್ಲಿ ಮತ್ತೊಮ್ಮೆ ಕೂಡಿ ಧ್ವನಿಮುದ್ರಿಕೆ ಮಾಡಿದರು. ಒಬ್ಬನ ದನಿ ಉರುಟು, ಒಣಗಿದ ಮರದಂತೆ ಸ್ವಚ್ಛ. ಇನ್ನೊಬ್ಬನದು ಸ್ವಲ್ಪ ಒರಟು, ನಗೆಮಾತಿನವನದು. ಒಬ್ಬನು ವಾಕ್ಯವನ್ನು ಅರ್ಧಕ್ಕೆ ಬಿಟ್ಟರೆ ಇನ್ನೊಬ್ಬನು ಮುಗಿಸುವನು. ನಮ್ಮಲ್ಲಿ ಇಬ್ಬರು ನಾಗಸ್ವರದವರು ಆಲಾಪನೆಯನ್ನು ಹಂಚಿಕೊಳ್ಳುವುದನ್ನು ಕೇಳಿದವರಿಗೆ ಇದು ಅಪರಿಚಿತವೆನಿಸದು.

ಇಂಗ್ಲೆಂಡಿನಲ್ಲಿ ಗಿರಣಿ, ಗಣಿಗಳ ಕೆಲಸಗಾರರು ಕಟ್ಟಿದ ಹಿತ್ತಾಳೆ ಮೇಳಗಳಲ್ಲಿ ಯೂಫೋನಿಯಂ ವಾದಕರು ಇಬ್ಬರಿರುವುದು ವಾಡಿಕೆ. ಅವರ ಯುಗಳಕ್ಕೆ ಅಲ್ಲಿ ವಿಶೇಷ ಮನ್ನಣೆ. ವೇಲ್ಸ್ ಸೀಮೆಯ ರಾಬರ್ಟ್ ಮತ್ತು ನಿಕೊಲಸ್ ಚೈಲ್ಡ್ಸ್ ಎಂಬ ಅಣ್ಣತಮ್ಮಂದಿರ ಯುಗಳಗಳು ಕಳೆದ ಶತಮಾನದ ಕೊನೆಯಲ್ಲಿ ಆ ವಾದ್ಯಕ್ಕೆ ಹೊಸ ಹೆಸರು ತಂದವು. ಎಲ್ಗಾರನೆಂಬ ಪ್ರಸಿದ್ಧ ರಚನಕಾರನು ತನ್ನ ಹೆಸರು ಇನ್ನೂ ಹೊರಬೀಳದ ಕಾಲದಲ್ಲಿ, 1887ರಲ್ಲಿ, ಟ್ರೊಂಬೋನಿಗೂ ದೊಡ್ಡ ಬಾಸ್ ಪಿಟೀಲಿಗೂ ಒಂದು ಪುಟ್ಟ ಯುಗಳವನ್ನು ಬರೆದಿದ್ದಾನೆ. ಚಿಕ್ಕದು, ತುಂಟತನದ್ದು.

ಆದರೆ ಆಂಗ್ಲರಲ್ಲಿ ನಮ್ಮ ವಾಚಕರು ಅವಶ್ಯವಾಗಿ ತಿಳಿಯತಕ್ಕವನು ಗುಸ್ತಾವ್ ಹೋಲ್ಸ್ಟ್ (1874–1934). ಬಾಲ್ಯದಲ್ಲಿ ಅವನಿಗೆ ಉಬ್ಬಸವಿತ್ತು. ಊದಿದರೆ ಉಸಿರು ಸುಧಾರಿಸೀತೆಂದು ಅವನ ತಂದೆ ಟ್ರೊಂಬೋನನ್ನು ಕೊಡಿಸಿದನು. ಬಲಗೈಯ ನರಗಳ ನೋವಿನಿಂದ ಪಿಯಾನೊ ವಿದ್ವಾಂಸನಾಗುವ ಆಸೆ ಮುರಿದುಬೀಳಲು, ಆ ಟ್ರೊಂಬೋನೇ ಅವನಿಗೆ ಅನ್ನಕೊಟ್ಟಿತು. ಸಂಚಾರಿ ಗೀತನಾಟಕ ಮಂಡಳಿಯಲ್ಲಿಯೂ ಸ್ಕಾಟ್ಲೆಂಡಿನ ವಾದ್ಯಮೇಳದಲ್ಲಿಯೂ ಅವನು ಹಿಂದಿನ ಸಾಲಿನಲ್ಲಿ ಕುಳಿತು ವರ್ಷಗಟ್ಟಲೆ ನುಡಿಸಿದನು. 1895ರ ಸುಮಾರಿನಲ್ಲಿ ಟ್ರೊಂಬೋನಿಗೂ ಆರ್ಗನ್ ವಾದ್ಯಕ್ಕೂ ಒಂದು ಯುಗಳವನ್ನು ರಚಿಸಿದನು. ಇದೇ ಮನುಷ್ಯನು ನಮ್ಮ ಗ್ರಂಥಗಳ ಭಾಷಾಂತರಗಳನ್ನು ಓದಿ, ಅವು ತೃಪ್ತಿಕೊಡದಿರಲು, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಹೋಗಿ ಸಂಸ್ಕೃತವನ್ನು ಅಭ್ಯಾಸಮಾಡಿದನು! ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಋಗ್ವೇದದ ಸೂಕ್ತಗಳನ್ನು ತಾನೇ ಇಂಗ್ಲಿಷಿಗೆ ತಿರುಗಿಸಿ 1908ರಿಂದ 1912ರವರೆಗೆ ನಾಲ್ಕು ಗುಂಪುಗಳಾಗಿ ವೃಂದಗಾನಕ್ಕೆ ಅಳವಡಿಸಿದನು. ಮಹಾಭಾರತದ ಸಾವಿತ್ರಿಯ ಕಥೆ ಅವನ ಕೈಯಲ್ಲಿ ಕಿರಿದಾದ ಗೀತನಾಟಕವಾಯಿತು. ಕಾಳಿದಾಸನ ಮೇಘದೂತವು ವೃಂದಗಾನವಾಯಿತು. ಶಬ್ದರೂಪಾವಳಿಯನ್ನು ಬಾಯಿಪಾಠ ಮಾಡಿಸುತ್ತ ಆಯುಷ್ಯದ ಬಹುಭಾಗವನ್ನು ಕಳೆದ ನಮಗೆ, ಹಗಲು ವಿಭಕ್ತಿಗಳನ್ನು ಕಲಿತು ಇರುಳು ನಾಟಕಶಾಲೆಯಲ್ಲಿ ಟ್ರೊಂಬೋನೂದಿದ ಈ ವಿದ್ಯಾರ್ಥಿಯ ಮೇಲೆ ಒಂದು ವಿಶೇಷವಾದ ಮಮತೆಯಿದೆ. ಮುಂದೆ ‘ಗ್ರಹಗಳು’ ಎಂಬ ಪ್ರಸಿದ್ಧ ಕೃತಿಯನ್ನು (1914–1916) ಬರೆದಾಗಲೂ ಅವನು ತನ್ನ ಹಿಂದಿನ ಸಾಲಿನ ನೆಂಟರನ್ನು ಮರೆಯಲಿಲ್ಲ. ಯುರೇನಸ್ ಗ್ರಹದ ಭಾಗದಲ್ಲಿ ತುತ್ತೂರಿ ಟ್ರೊಂಬೋನುಗಳು ನಾಲ್ಕು ಸ್ವರಗಳನ್ನು ಮಾಂತ್ರಿಕನ ಮಂತ್ರದಂತೆ ಕೂಗಿದೊಡನೆ, ಎರಡು ಟ್ಯೂಬಾಗಳು ಅವನ್ನೇ ಇಮ್ಮಡಿ ವೇಗದಲ್ಲಿ ಅಣಕಿಸುವುವು.

ಉಬ್ಬಸದ ಮಾತು ಬಂದುದರಿಂದ ಇನ್ನೊಬ್ಬನನ್ನು ಹೇಳಬೇಕು. ಅಮೆರಿಕದ ಶಿಕಾಗೊ ನಗರದ ವಾದ್ಯಮೇಳದಲ್ಲಿ 1944ರಿಂದ 1988ರವರೆಗೆ ಟ್ಯೂಬಾ ನುಡಿಸಿದ ಆರ್ನಲ್ಡ್ ಜೇಕಬ್ಸನಿಗೂ ಅದೇ ವ್ಯಾಧಿ. ಉಸಿರಿನ ಹಿಡಿತವು ಇತರರಿಗಿಂತ ಕಡಿಮೆ. ಅವನು ಉಸಿರಾಟದ ಕ್ರಮವನ್ನೇ ಶಾಸ್ತ್ರದಂತೆ ಅಭ್ಯಾಸಮಾಡಿ ದೇಶದೇಶದ ವಾದಕರಿಗೆ ಗುರುವಾದನು. ಅದೇ ಮೇಳದಲ್ಲಿ 1940ರಿಂದ 1985ರವರೆ‍ಗೆ ಬಾಸ್ ಟ್ರೊಂಬೋನ್ ನುಡಿಸಿದವನು ಎಡ್ವರ್ಡ್ ಕ್ಲೈನ್‌ಹ್ಯಾಮರ್. ಹೀಗೆ ನಾಲ್ವತ್ತೊಂದು ವರ್ಷ ಆ ಇಬ್ಬರೂ ಮೇಳದ ಬುಡವನ್ನು ಹೊತ್ತರು. ಎಷ್ಟು ದಾಂಪತ್ಯಗಳಿಗೆ ಅಷ್ಟು ಆಯುಷ್ಯವುಂಟು!

ಕಲಿಸುವ ಕ್ರಮದಲ್ಲಿಯೂ ಯುಗಳಕ್ಕೆ ದೊಡ್ಡ ಪಾಲಿದೆ. ಪ್ಯಾರಿಸಿನ ಅರ್ಬಾನ್ ಎಂಬ ಗುರುವು 1864ರಲ್ಲಿ ಬರೆದ ಪಾಠಪುಸ್ತಕದ ಕೊನೆಯಲ್ಲಿ 68 ಯುಗಳಗಳಿವೆ; ಮೂಲದಲ್ಲಿ ಕಾರ್ನೆಟ್ಟಿಗಾದರೂ ಮಂದ್ರವಾದ್ಯದವರು ತಮಗೆ ತಕ್ಕಂತೆ ಅಚ್ಚುಮಾಡಿಸಿಕೊಂಡಿದ್ದಾರೆ. ರಷ್ಯಾದ ಬ್ಲಾಝೆವಿಚ್ಚನು (1881–1942) ಎರಡು ಟ್ರೊಂಬೋನುಗಳಿಗೆಂದೇ ಬರೆದ ಯುಗಳಗಳು ಇನ್ನೂ ಕಠಿಣ. ಪಾಠವಾದ ಮೇಲೆ ಗುರುವು ತನ್ನ ವಾದ್ಯವನ್ನೂ ಎತ್ತಿಕೊಂಡು ಶಿಷ್ಯನ ಮಗ್ಗುಲಲ್ಲಿ ಕುಳಿತು ಒಂದು ಯುಗಳವನ್ನು ನುಡಿಸುವುದು ಅಲ್ಲಿಯ ಸಂಪ್ರದಾಯ. ಮಾತಿನಲ್ಲಿ ಹೇಳಿ ಮುಗಿಯದ ಶ್ರುತಿ, ಉಸಿರು, ಒತ್ತುಗಳು ಹುಡುಗನಿಗೆ ಪಕ್ಕದಿಂದಲೇ ಇಳಿದುಬರುವುವು.

ಇದನ್ನು ನಾವು ಒಮ್ಮೆ ಕಣ್ಣಾರೆ ಕಂಡೆವು. ನಾವು ಕೆಲಸಮಾಡುತ್ತಿದ್ದ ಪ್ರೌಢಶಾಲೆಯೊಂದರಲ್ಲಿ ಕವಾಯತಿಗೆಂದು ಹುಡುಗರ ಸಣ್ಣ ಬ್ಯಾಂಡನ್ನು ಕಟ್ಟಿದ್ದರು. ಸೇನೆಯಿಂದ ನಿವೃತ್ತರಾದ ಬ್ಯಾಂಡ್ ಮಾಸ್ತರರೊಬ್ಬರು ವಾರಕ್ಕೆ ಎರಡು ದಿನ ಬಂದು ಕಲಿಸುತ್ತಿದ್ದರು. ಜವಳಿ ಅಂಗಡಿಯ ಗುಮಾಸ್ತರೊಬ್ಬರ ಮಗನಿಗೆ ಯೂಫೋನಿಯಂ ಬಿದ್ದಿತು. ಒಂದು ಸಂಜೆ ತಂದೆಯೇ ಬಂದರು. “ಮೇಷ್ಟ್ರೇ, ನಮ್ಮ ಹುಡುಗ ಏನು ತಪ್ಪು ಮಾಡಿದ? ಎಲ್ಲರ ಮಕ್ಕಳಿಗೂ ಹಾಡು ಕೊಟ್ಟಿದ್ದಾರೆ. ಇವನಿಗೆ ಎಮ್ಮೆ ಕೂಗಿದ ಹಾಗೆ ಕೂಗೋದು ಕೊಟ್ಟಿದ್ದಾರೆ. ಬೀದಿಯಲ್ಲಿ ಹುಡುಗರು ಹಾಗೇ ಕರೀತಾರಂತೆ, ಮೂರು ದಿನದಿಂದ ಇವನು ಸ್ಕೂಲಿಗೆ ಬರೋದಿಲ್ಲ ಅಂತಾನೆ” ಎಂದರು. ನಾವು ಅವರನ್ನು ಮಾಸ್ತರರ ಬಳಿಗೆ ಕರೆದುಕೊಂಡು ಹೋದೆವು. ಅವರು ವಾದಿಸಲಿಲ್ಲ. “ಕೂತ್ಕೊಳ್ಳಿ ಸ್ವಾಮಿ, ಐದು ನಿಮಿಷ” ಎಂದು, ಬೀರುವಿನಿಂದ ಇನ್ನೊಂದು ಯೂಫೋನಿಯಮ್ಮನ್ನು ತೆಗೆದು ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಹುಡುಗನು ಕೆಳಗಿನ ಷಡ್ಜಪಂಚಮಗಳನ್ನು ಹಿಡಿದನು; ಮಾಸ್ತರರು ಮೇಲೆ ಒಂದು ಸರಳವಾದ ಗೀತೆಯನ್ನು ನುಡಿಸಿದರು. ಎರಡನೆಯ ಸಲಕ್ಕೆ ಅವರು ಕಣ್ಣಿನಿಂದಲೇ ಸನ್ನೆಮಾಡಲು, ಹುಡುಗನು ಮೇಲಿನದನ್ನು ಎತ್ತಿಕೊಂಡನು, ಮಾಸ್ತರರು ಕೆಳಗಿಳಿದರು. ಸಂಜೆಯ ಬರಿದಾದ ಕೋಣೆಯ ಬೆಂಚುಗಳೆಲ್ಲ ಗುಂಯ್ಗುಡುತ್ತಿದ್ದುವು. ತಂದೆಯವರು ಬಾಗಿಲ ಕಡೆಗೆ ಮುಖಮಾಡಿ ಕುಳಿತಿದ್ದರು. ಮುಗಿದ ಮೇಲೆ ಮೆಲ್ಲಗೆ ತಿರುಗಿ, “ಈಗ ಹಾಡು ನುಡಿಸ್ತಿದ್ದೋನು ನಮ್ಮವನೇನು?” ಎಂದು ಕೇಳಿದರು. ಆ ಹುಡುಗನು ಮುಂದೆ ಸೇನೆಯ ವಾದ್ಯಮೇಳವೊಂದಕ್ಕೆ ಸೇರಿ ಅದರಿಂದಲೇ ಸಂಸಾರ ನಡೆಸುತ್ತಿದ್ದಾನೆ. ಇಂದಿಗೂ ಕೆಳಗಿನ ಪಾಠವನ್ನೇ ನುಡಿಸುತ್ತಾನಂತೆ.

ಮನೆಯಲ್ಲಿ ಇಂಥ ಸಂಗೀತವನ್ನು ಕೇಳಬಯಸುವವರಿಗೆ ಒಂದೆರಡು ಮಾತು. ಕೈಯಲ್ಲಿ ಹಿಡಿಯುವ ಮೊಬೈಲಿನ ಪುಟ್ಟ ಧ್ವನಿವರ್ಧಕದಿಂದ ಇದನ್ನು ಕೇಳುವುದು ವ್ಯರ್ಥ. ಸೆಕೆಂಡಿಗೆ ಇನ್ನೂರಕ್ಕಿಂತ ಕಡಿಮೆ ಕಂಪಿಸುವ ದನಿಗಳನ್ನು ಅದು ಹೊರಡಿಸುವುದು ಬಹು ಸ್ವಲ್ಪ. ತಂಬೂರಿಯ ಗಾಂಧಾರದ ಸಂಗತಿಯನ್ನು ಇಲ್ಲಿ ನೆನೆಯಬೇಕು: ಕೆಳದನಿಯೊಳಗಿನ ಮೇಲುದನಿಗಳಷ್ಟೇ ಹೊರಬಂದರೂ, ಅವುಗಳಿಂದ ನಮ್ಮ ಕಿವಿಯು ಕಾಣದ ಷಡ್ಜವನ್ನು ಊಹಿಸಿಕೊಳ್ಳುವುದು. ಸ್ವರ ತಿಳಿಯುವುದು, ಮೈ ಮಾತ್ರ ಸಿಕ್ಕದು. ದೊಡ್ಡ ಪೆಟ್ಟಿಗೆಯ ಧ್ವನಿವರ್ಧಕವೋ ಕಿವಿಯನ್ನು ಪೂರಾ ಮುಚ್ಚುವ ಶ್ರವಣಸಾಧನವೋ ಬೇಕು. ಮೊದಲ ಸಲ ಕೆಳಗಿನವನನ್ನು ಮಾತ್ರ ಹಿಂಬಾಲಿಸಿರಿ. ಮೇಲಿನವನು ತಾನಾಗಿಯೇ ಬರುವನು. ಅವರು ಎಲ್ಲಿ ಉಸಿರೆಳೆದುಕೊಳ್ಳುವರೆಂಬುದನ್ನೂ ಗಮನಿಸಿರಿ. ಒಳ್ಳೆಯ ಜೋಡಿಯವರು ಇಬ್ಬರೂ ಒಟ್ಟಿಗೆ ಉಸಿರೆಳೆಯುವುದಿಲ್ಲ, ವಾಕ್ಯದ ಕೊನೆಯಲ್ಲಿ ಹೊರತು. ದಸರೆಯ ಕಾಲದಲ್ಲಿ ಮೈಸೂರು ಅರಮನೆಯ ಮುಂದೆ ಪೋಲೀಸ್ ವಾದ್ಯವೃಂದದ ಕಚೇರಿಯನ್ನು ಕೇಳುವ ಅವಕಾಶವಿರುವವರು ಹಿಂದಿನ ಸಾಲಿಗೆ ಹತ್ತಿರವಾಗಿ ಕುಳಿತರೆ ಮೇಲಿನ ಮಾತುಗಳೆಲ್ಲ ಪ್ರತ್ಯಕ್ಷವಾಗುವುವು.

ಅದಕ್ಕಿಂತಲೂ ಪ್ರಾಚೀನವಾದ ಯುಗಳವೊಂದು ಮೈಸೂರು ಜಿಲ್ಲೆಯಲ್ಲಿಯೇ ಇದೆ. 1961ರಲ್ಲಿ ಟಿಬೆಟ್ಟಿನ ನಿರಾಶ್ರಿತರಿಗೆ ನೆಲೆಯಾದ ಬೈಲಕುಪ್ಪೆಯ ವಿಹಾರಗಳಲ್ಲಿ ‘ದುಂಗ್‌ಛೆನ್’ ಎಂಬ ಲೋಹದ ಮಹಾಕಹಳೆಗಳನ್ನು ಪೂಜೆಯ ಸಮಯದಲ್ಲಿ ಊದುವರು. ಹತ್ತು ಅಡಿಯನ್ನೂ ಮೀರಿದ ಉದ್ದ; ಭಾಗಗಳನ್ನು ಒಂದರೊಳಗೊಂದು ಸೇರಿಸಿ ಮಡಿಸಿಡಬಹುದು; ನುಡಿಸುವಾಗ ಬಾಯನ್ನು ನೆಲಕ್ಕೋ ಆಸರೆಗೋ ತಾಗಿಸುವರು. ಹೊರಡುವ ಸ್ವರಗಳು ಎರಡೋ ಮೂರೋ. ಇವನ್ನು ಯಾವಾಗಲೂ ಜೋಡಿಯಾಗಿಯೇ ಊದುವ ಕಟ್ಟಳೆ. ಏತಕ್ಕೆಂದರೆ ಒಬ್ಬ ಭಿಕ್ಷುವು ಉಸಿರಿಗೆ ನಿಂತಾಗ ಇನ್ನೊಬ್ಬನು ದನಿಯನ್ನು ಹಿಡಿದಿರುವನು, ನಾದವು ಕಡಿಯದು. 1963ರಲ್ಲಿ ಸ್ಥಾಪಿತವಾದ ನಾಮ್‌ಡ್ರೋಲಿಂಗ್ ವಿಹಾರವು ಮೈಸೂರಿನಿಂದ ಮಡಿಕೇರಿಗೆ ಹೋಗುವ ದಾರಿಯಲ್ಲಿ, ಕುಶಾಲನಗರ ಇನ್ನೂ ಸ್ವಲ್ಪ ದೂರವಿರುವಾಗ, ಎಡಕ್ಕೆ ತಿರುಗಿದರೆ ಸಿಕ್ಕುವುದು. ಚಿನ್ನದ ಬಣ್ಣದ ದೊಡ್ಡ ಬುದ್ಧಮೂರ್ತಿಗಳನ್ನು ನೋಡಲು ಸಂಸಾರಸಮೇತರಾಗಿ ಅಲ್ಲಿಗೆ ಹೋಗುವವರು ಬಹಳ. ಪೂಜೆಯ ಹೊತ್ತನ್ನು ವಿಚಾರಿಸಿಕೊಂಡು ಹೋದರೆ ಕಹಳೆಗಳನ್ನೂ ಕೇಳಬಹುದು.